ಎರಡೇ ಸೆಕೆಂಡಿಗೆ ನಿದ್ದೆ ಹೋಗುವ ಮೌಸ್

ಸರ್, ದಯವಿಟ್ಟು ಇದಕ್ಕೋಸ್ಕರ ಉಬುಂಟು ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ನೀವು ಬರೆದಿರುವುದು ಇಷ್ಟು: ವೈರ್ ಇರುವ ಯುಎಸ್‌ಬಿ ಮೌಸ್, ಕೈ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಬಾಣ ಕದಲುವುದಿಲ್ಲ, ಒಂದು ಸಲ ಕ್ಲಿಕ್ ಮಾಡಿದರೆ ಮತ್ತೆ ಓಡುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಜಾಸ್ತಿ ಹೊತ್ತು ಬರಲಿ ಅಂತ ಹೋದ ವಾರ ಪವರ್‌ಟಾಪ್ ಅನ್ನುವ ಪ್ರೋಗ್ರಾಂ ಹಾಕಿ, ಉಳಿತಾಯದ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ಆನ್ ಮಾಡುವ ಅದರ ಆಟೋ ಟ್ಯೂನ್ ಕೊಟ್ಟಿದ್ದೀರಿ. ಆ ಕೊನೆಯ ಮಾತಿನಲ್ಲೇ ಉತ್ತರ ಇದೆ.

ಮೇಲೆ ಒಬ್ಬರು ಡ್ರೈವರ್ ಹುಡುಕಿ ಅಂದಿದ್ದಾರೆ. ಬೇಕಾಗಿಲ್ಲ. ಮಾಮೂಲಿ ಯುಎಸ್‌ಬಿ ಮೌಸಿನ ಡ್ರೈವರ್ ಲಿನಕ್ಸ್ ಕರ್ನಲ್ (ಅಂದರೆ ಸಿಸ್ಟಂನ ತಿರುಳು) ಜೊತೆಗೇ ಬರುತ್ತದೆ.

ಯುಎಸ್‌ಬಿ ಸಾಧನ ಸುಮ್ನೆ ಕೂತಿದ್ದರೆ ಅದನ್ನು ಮಲಗಿಸುವ ಸೌಲಭ್ಯ ಕರ್ನಲ್‌ನಲ್ಲಿದೆ, ಆಟೋಸಸ್ಪೆಂಡ್ ಅಂತ. ಸಾಮಾನ್ಯವಾಗಿ ಅದರ ಗಡುವು 2 ಸೆಕೆಂಡ್. ಮೌಸ್‌ಗೆ ಅದನ್ನು ಕರ್ನಲ್ ತಾನಾಗಿ ಹಚ್ಚುವುದಿಲ್ಲ. ಆಟೋ ಟ್ಯೂನ್ ಮಾತ್ರ ಹಿಂದೆ ಮುಂದೆ ನೋಡದೆ ಸಿಕ್ಕಿದ್ದಕ್ಕೆಲ್ಲ ಹಚ್ಚಿಬಿಡುತ್ತದೆ. ಎಷ್ಟೋ ಮೌಸ್‌ಗಳು ಹಾಗೆ ಮಲಗಿದ ಮೇಲೆ ಅಲ್ಲಾಡಿಸಿದರೆ ಏಳುವುದಿಲ್ಲ, ಕ್ಲಿಕ್ಕೇ ಬೇಕು. ಮೌಸ್ ತಿರುಗಿಸಿ ಹಿಡಿದು ತಳದ ದೀಪ ನೋಡಿ. ಎರಡು ಸೆಕೆಂಡಿಗೆ ಆರಿದರೆ ಅಥವಾ ಮಂಕಾದರೆ ಇದೇ ಕಾರಣ.

ಈಗ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ, ಟರ್ಮಿನಲ್ ತೆರೆಯುತ್ತದೆ. ಸೂಡೊ ಪವರ್‌ಟಾಪ್ (sudo powertop) ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಟ್ಯಾಬ್ ಒತ್ತುತ್ತಾ ‘ಟ್ಯೂನಬಲ್ಸ್’ ಪುಟಕ್ಕೆ ಬನ್ನಿ. ಕೆಳಗಿಳಿದರೆ ಆಟೋಸಸ್ಪೆಂಡ್ ಸಾಲುಗಳಲ್ಲಿ ನಿಮ್ಮ ಮೌಸಿನ ಹೆಸರು ಸಿಗುತ್ತದೆ, ಪಕ್ಕದಲ್ಲಿ ‘ಗುಡ್’ ಅಂತ ಇರುತ್ತದೆ. ಎಂಟರ್ ಒತ್ತಿ ಅದನ್ನು ‘ಬ್ಯಾಡ್’ ಮಾಡಿ. ಹೌದು, ನಮಗೆ ಬೇಕಾಗಿರುವುದು ಬ್ಯಾಡೇ! ಪವರ್‌ಟಾಪ್‌ಗೆ ಬ್ಯಾಟರಿ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ತಕ್ಷಣ ಮೌಸ್ ಸರಿಯಾಗಬೇಕು.

ಆದರೆ ಇದು ರೀಸ್ಟಾರ್ಟ್ ಮಾಡುವ ತನಕ ಮಾತ್ರ. ಪ್ರತಿ ಸಲ ಆನ್ ಮಾಡಿದಾಗ ಆಟೋ ಟ್ಯೂನ್ ತಾನಾಗಿ ಓಡುವ ಹಾಗೆ ಸರ್ವಿಸ್ ಮಾಡಿಟ್ಟಿದ್ದರೆ ಕಾಟ ವಾಪಸ್ ಬರುತ್ತದೆ. ಆ ಸರ್ವಿಸ್ ನಿಲ್ಲಿಸಿ. ಬ್ಯಾಟರಿ ಉಳಿಸಲೇಬೇಕು ಅಂದರೆ ನನ್ನ ಮಟ್ಟಿಗೆ ಟಿಎಲ್‌ಪಿ ಅನ್ನುವ ಇನ್ನೊಂದು ಪ್ರೋಗ್ರಾಂ ವಾಸಿ. ಅದು ಕೀಬೋರ್ಡ್, ಮೌಸ್‌ಗಳನ್ನು ಆಟೋಸಸ್ಪೆಂಡ್‌ನಿಂದ ತಾನೇ ಹೊರಗಿಡುತ್ತದೆ. ಪವರ್‌ಟಾಪ್ ಆಟೋ ಟ್ಯೂನ್, ಟಿಎಲ್‌ಪಿ ಎರಡನ್ನೂ ಒಟ್ಟಿಗೆ ಹಾಕಿ ಒದ್ದಾಡಬೇಡಿ.

ಇಷ್ಟಾದರೂ ಹೋಗಲಿಲ್ಲ ಅಂದರೆ ಟರ್ಮಿನಲ್‌ನಲ್ಲಿ ಸೂಡೊ ಡಿಎಂಇಎಸ್‌ಜಿ, ಹೈಫನ್ ಡಬ್ಲ್ಯೂ (sudo dmesg -w) ಕೊಟ್ಟು, ಮೌಸ್ ಕಿತ್ತು ಮತ್ತೆ ಚುಚ್ಚಿ, ಇದು ಕರ್ನಲ್ ಸಂದೇಶಗಳನ್ನು ಬಂದ ಹಾಗೇ ತೋರಿಸುತ್ತದೆ. ಹೊಸ ಸಾಲು ಬರಲೇ ಇಲ್ಲ ಅಂದರೆ ಮೌಸ್ ಬಂದಿದ್ದೇ ಕರ್ನಲ್‌ಗೆ ಗೊತ್ತಾಗಿಲ್ಲ. ಬೇರೆ ಪೋರ್ಟ್, ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ‘ಎರರ್ -71’ ಅಂತ ಬರುತ್ತಿದ್ದರೆ ಹೆಚ್ಚಾಗಿ ವೈರ್ ಅಥವಾ ಪೋರ್ಟ್ ಕೆಟ್ಟಿರುತ್ತದೆ. ಮೌಸಿನ ಮೂತಿ ಹತ್ತಿರ ವೈರ್ ಮಡಚುವ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ, ಒಳಗಿನ ಎಳೆ ತುಂಡಾಗುವುದು ಸಾಮಾನ್ಯವಾಗಿ ಅಲ್ಲೇ.

ಕೆಳಗೆ ಇನ್ನೊಬ್ಬರು ವೈರ್‌ಲೆಸ್ ಮೌಸ್ ತಡೆದು ತಡೆದು ಓಡುತ್ತದೆ ಅಂದಿದ್ದಾರಲ್ವಾ, ಅದು ಬೇರೆ ಕಥೆ. ಪೋರ್ಟ್‌ಗೆ ಚುಚ್ಚುವ ಪುಟ್ಟ ರಿಸೀವರ್ ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ದರೆ ಅದರ ರೇಡಿಯೋ ಗದ್ದಲ ಮೌಸಿನ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡ ಬರುತ್ತದೆ. ರಿಸೀವರನ್ನು ಒಂದು ಎಕ್ಸ್‌ಟೆನ್ಷನ್ ಕೇಬಲ್‌ಗೆ ಹಾಕಿ ದೂರ ಇಡಿ ಸಾಕು.

ಸರ್, ಸರಿಹೋಗದಿದ್ದರೆ ಡಿಎಂಇಎಸ್‌ಜಿ ಸಾಲುಗಳನ್ನು ಇಲ್ಲೇ ಹಾಕಿ. ಸ್ಕ್ರೀನಿನ ಫೋಟೋ ಬೇಡ, ಕಾಪಿ ಮಾಡಿ ಪೇಸ್ಟ್ ಮಾಡಿ.