ಬಸ್ರೂರಿನ ಕೋಟೆ ಎಲ್ಲಿ ಹೋಯಿತು?

ಪ್ರಶ್ನೆ: ಪೋರ್ಚುಗೀಸರ ಕೋಟೆ ಇತ್ತೆಂದು ಓದಿ ಬಸ್ರೂರಿಡೀ ಹುಡುಕಿದೆವು, ಒಂದು ಗೋಡೆಯೂ ಸಿಗಲಿಲ್ಲ. ಅಷ್ಟು ದೊಡ್ಡ ಬಂದರು ಹಾಳಾದದ್ದು ಶಿವಾಜಿಯ ದಾಳಿಯಿಂದಲೇ?
– ಓದುಗರೊಬ್ಬರು, ಉಡುಪಿ

ಉತ್ತರ: ಹುಡುಕಿದ ಜಾಗವೇ ಬೇರೆ. ಆಗ ಬಸ್ರೂರು ಎರಡಿತ್ತು. 1623ರಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಇದನ್ನು ಬಿಡಿಸಿ ಬರೆದಿದ್ದಾನೆ: ಒಳಗಿನ ಮೇಲಿನ ಬಸ್ರೂರು ಕೆಳದಿಯ ವೆಂಕಟಪ್ಪ ನಾಯಕನದು, ಕಡಲ ಬದಿಯ ಕೆಳಗಿನದು ಪೋರ್ಚುಗೀಸರದು. ಮಹಾಲಿಂಗೇಶ್ವರ, ತುಳುವೇಶ್ವರ ದೇವಸ್ಥಾನಗಳಿರುವ ಇಂದಿನ ಬಸ್ರೂರು ಮೇಲಿನದು. 1569ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಲೂಯಿಸ್ ದ ಅತಾಯಿದೆ ಹಿಡಿದ ಮೇಲೆ ಎದ್ದ ಕೋಟೆ ಅಳಿವೆಗೆ ಹತ್ತಿರ, ಕುಂದಾಪುರದ ಕಡೆ. ಅವರಿಗೆ ಬೇಕಾದದ್ದು ಗೋವೆಗೆ ಅಕ್ಕಿ. ಪೇಟೆಯಲ್ಲಿ ಹೇರಿದ ದೋಣಿ ಹೊಳೆಯಲ್ಲಿ ಇಳಿದು ಅಳಿವೆ ದಾಟಲೇಬೇಕು. ಅಲ್ಲಿ ಫಿರಂಗಿ ಇಟ್ಟರೆ ಸಾಕು, ಸೆಟ್ಟರ ಪೇಟೆಯೊಳಗೆ ಕಾದು ಕೂರಬೇಕಿಲ್ಲ. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಯನ್ನು ಕಿತ್ತುಕೊಂಡ.

ಗೋಡೆ ಉಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕರಾವಳಿಯ ಕೋಟೆಗಳು ಹೆಚ್ಚಾಗಿ ಮುರಕಲ್ಲಿನವು. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಕಾವಲು ತಪ್ಪಿದ ಕೋಟೆಯೆಂದರೆ ಸುತ್ತಲಿನವರಿಗೆ ಕಡಿದಿಟ್ಟ ಕಲ್ಲಿನ ರಾಶಿ. ಬಾವಿಕಟ್ಟೆಗೋ ಕಂಪೌಂಡಿಗೋ ಹೋಗುತ್ತದೆ. ಉಳಿದ ಗಾರೆಯ ಸಂದಿಗೆ ಗೋಳಿಯ ಬೇರು ಇಳಿದರೆ ನಾಲ್ಕಾರು ಮಳೆಗಾಲದಲ್ಲಿ ಗೋಡೆ ಬಾಯ್ಬಿಡುತ್ತದೆ.

ಇನ್ನು ಶಿವಾಜಿ. 1665ರ ಫೆಬ್ರವರಿಯಲ್ಲಿ ಮಾಲ್ವಣದಿಂದ ಹಡಗಿನಲ್ಲಿ ಬಂದು ಪೇಟೆ ದೋಚಿದ್ದು ಹೌದು, ಬಂದರು ಅದರಿಂದ ಮುಚ್ಚಿತೆನ್ನುವುದು ಸುಳ್ಳು. 18ನೇ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ನಾವಿಕ ವ್ಯಾಪಾರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಇಲ್ಲಿ ಡಚ್ಚರ ಕೋಠಿ (ವ್ಯಾಪಾರದ ಮಳಿಗೆ) ಇದ್ದುದನ್ನೂ, ಊರಿನದೇ ಹಡಗುಗಳು ಮಸ್ಕತ್ತಿಗೆ ಅಕ್ಕಿ ಒಯ್ದು ಕುದುರೆ, ಖರ್ಜೂರ, ಮುತ್ತು ತರುತ್ತಿದ್ದುದನ್ನೂ ಹೇಳುತ್ತಾನೆ. ಒಂದು ದಾಳಿಗೆ ಮುಗಿದ ಊರಲ್ಲ ಇದು. ಕಡಲಿನಿಂದ ಸುಮಾರು ನಾಲ್ಕು ಮೈಲಿ ಒಳಗಿನ ಹೊಳೆಬಂದರು; ಹಡಗು ದೊಡ್ಡದಾದಷ್ಟೂ ಅಳಿವೆಯ ಮರಳು ಅಡ್ಡ, ಸರಕು ಹೊಳೆಬಾಯಿಯ ಊರುಗಳಲ್ಲೇ ಇಳಿಯುವುದು ಸಲೀಸು.

ಮತ್ತೆ ಹೋಗುವುದಾದರೆ ಕೋಟೆ ಬಿಟ್ಟು ಊರಿನ ಕಲ್ಲುಶಾಸನ ನೋಡಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ನೆರಳಿನಲ್ಲಿದ್ದರೆ ಟಾರ್ಚನ್ನು ಕಲ್ಲಿನ ಬದಿಯಿಂದ ಹಿಡಿಯಿರಿ. ಸೀಮೆಸುಣ್ಣ, ಎಣ್ಣೆ ಉಜ್ಜಬೇಡಿ. ಎಣ್ಣೆಗೆ ಧೂಳು ಕೂತು ಗೀರು ಮುಚ್ಚಿದರೆ ಮುಂದೆ ಕಾಗದ ಒತ್ತಿ ಅಚ್ಚು ತೆಗೆಯುವವರಿಗೆ ಅಕ್ಷರ ಮೂಡುವುದಿಲ್ಲ.