ಕಾಲೇಜಿನಲ್ಲೇ ಉಳಿದು ಹೃದ್ರೋಗ ಸಂಶೋಧನೆ ಮಾಡಿದರೆ ಮುಂದೆ ಪಶ್ಚಾತ್ತಾಪ ಪಡಬೇಕಾಗುತ್ತಾ?

ಎಂಬಿಬಿಎಸ್ ಎರಡನೇ ವರ್ಷದಲ್ಲೇ ಈ ಪ್ರಶ್ನೆ ಕೇಳಿದ್ದೀರಿ, ಒಳ್ಳೆಯದು. ನಾನು ಈ ಕೆಲಸದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಪಶ್ಚಾತ್ತಾಪ ಇಲ್ಲ. ಹೊಟ್ಟೆಕಿಚ್ಚು ಆಗಾಗ ಆಗುತ್ತೆ: ಜೊತೆಗೆ ಓದಿದವರು ದೊಡ್ಡ ಖಾಸಗಿ ಆಸ್ಪತ್ರೆ ಸೇರಿ ಎರಡನೇ ಮನೆ ಕಟ್ಟಿಸುತ್ತಿದ್ದಾರೆ, ನಾನು ಮೊದಲನೆಯದರ ಕಂತು ಕಟ್ಟುತ್ತಿದ್ದೇನೆ.

ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಆಮೇಲೆ ಹೃದ್ರೋಗದಲ್ಲೇ ಪರಿಣತಿ ಕೊಡುವ ಡಿಎಂ ಮೂರು. ನಡುವೆ ನೀಟ್ ತಯಾರಿಗೆ ಹೋಗುವ ವರ್ಷಗಳು ಬೇರೆ. ಇದು ನಿಮಗೆ ಗೊತ್ತಿರೋದೇ.

ಸಂಶೋಧನೆ ಅಂದರೆ ಲ್ಯಾಬು, ಮೈಕ್ರೋಸ್ಕೋಪು ಅಂತ ನಾನೂ ಅಂದುಕೊಂಡಿದ್ದೆ. ನನ್ನ ಪಾಲಿಗೆ ಬಂದದ್ದು ಫೋನು. ಆರು ತಿಂಗಳ ಹಿಂದೆ ಹೆಸರು ಬರೆಸಿದ ರೋಗಿ ಗಾರೆ ಕೆಲಸಕ್ಕೆ ಊರು ಬಿಟ್ಟಿರುತ್ತಾರೆ, ಸಿಮ್ ಬದಲಾಗಿರುತ್ತೆ. ಬದುಕಿದ್ದಾರಾ, ಮಾತ್ರೆ ನುಂಗುತ್ತಿದ್ದಾರಾ ಅಂತ ಪತ್ತೆ ಹಚ್ಚೋದೇ ಅರ್ಧ ಕೆಲಸ. ಇನ್ನರ್ಧ ಕಾಗದಪತ್ರ. ಒಂದು ಸಣ್ಣ ಅಧ್ಯಯನದ ಒಪ್ಪಿಗೆ ಪತ್ರದಲ್ಲಿ ಯಾರೋ ‘ಯಾದೃಚ್ಛಿಕೀಕರಣ’ ಅಂತ ಅನುವಾದಿಸಿಟ್ಟಿದ್ದರು. ನನಗೇ ನಾಲಿಗೆ ಹೊರಳಲಿಲ್ಲ. ರಾಯಚೂರು ಕಡೆಯ ಒಬ್ಬ ಅಜ್ಜಿಗೆ "ಚೀಟಿ ಎತ್ತಿದ ಹಾಗಮ್ಮ, ಯಾವ ಮಾತ್ರೆ ಬರುತ್ತೋ ಅದು" ಅಂದೆ. ಆಕೆ ನನ್ನನ್ನೇ ನೋಡಿ, "ಅಂದ್ರ ಯಾವ ಗುಳಿಗಿ ಛಲೋ ಅಂತ ನಿಮಗೂ ಗೊತ್ತಿಲ್ಲೇನ್ರಿ?" ಅಂದಳು.

ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ಸಂಬಳ ಸಿಗುವ ನೌಕರಿ ಇದು.

ಒಂದು ಉದಾಹರಣೆ ಹೇಳ್ತೀನಿ. ಚಿಕ್ಕಂದಿನ ಗಂಟಲು ಸೋಂಕಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಕಾಯಿಲೆ ನಮ್ಮ ಸರ್ಕಾರಿ ಓಪಿಡಿಗಳಲ್ಲಿ ಇನ್ನೂ ಕಾಣುತ್ತೆ. ಜೊತೆಗೆ ಎದೆಬಡಿತ ಅಡ್ಡಾದಿಡ್ಡಿಯಾದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅದಕ್ಕೇ ಅಸಿಟ್ರಾಂ, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ. ಅದಕ್ಕೆ ಪದೇ ಪದೇ ಐಎನ್‌ಆರ್ ಪರೀಕ್ಷೆ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡೋದು), ಅಂದರೆ ಬಸ್ ಚಾರ್ಜು, ಒಂದು ದಿನದ ಕೂಲಿ. ರಿವರೊಕ್ಸಬಾನ್ ಎಂಬ ಹೊಸ ಮಾತ್ರೆಗೆ ಆ ತಾಪತ್ರಯ ಇಲ್ಲ. ಅದೂ ಅಷ್ಟೇ ಒಳ್ಳೆಯದಿರುತ್ತೆ ಅಂತ ನನ್ನಂಥವರು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆವು. ಆಗ ದೆಹಲಿ ಏಮ್ಸ್‌ನಲ್ಲಿದ್ದ ಹೃದ್ರೋಗ ತಜ್ಞ ಗಣೇಶನ್ ಕಾರ್ತಿಕೇಯನ್ ಮುಂಚೂಣಿಯಲ್ಲಿದ್ದ ಇನ್‌ವಿಕ್ಟಸ್ ಅಧ್ಯಯನ 24 ದೇಶಗಳ ಸುಮಾರು 4,500 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ 2022ರಲ್ಲಿ ಫಲಿತಾಂಶ ಕೊಟ್ಟಿತು. ಹಳೆ ಮಾತ್ರೆಯವರಲ್ಲೇ ಸಾವು ಕಡಿಮೆ, ರಕ್ತಸ್ರಾವವೂ ಹೆಚ್ಚಿರಲಿಲ್ಲ. ಅವತ್ತು ರಾತ್ರಿ ಆ ಪ್ರಬಂಧವನ್ನು ಎರಡು ಸಲ ಓದಿದೆ. ಚೀಟಿ ಎತ್ತದೆ ಬರೀ ಅನುಭವದ ಮೇಲೆ ಹೋಗಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಂಥ ಬದುಕು ಎಲ್ಲಿಯವರೆಗೆ ಹೋಗಬಹುದು ಅಂದರೆ ಹೃದ್ರೋಗ ಸಂಶೋಧಕ ಸಲೀಂ ಯೂಸುಫ್ ಅವರನ್ನು ನೋಡಿ. ಕೇರಳದವರು, ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ, ಆಮೇಲೆ ಆಕ್ಸ್‌ಫರ್ಡ್, ಕೆನಡಾ. 52 ದೇಶಗಳಲ್ಲಿ ಅವರು ನಡೆಸಿದ ಇಂಟರ್‌ಹಾರ್ಟ್ ಅಧ್ಯಯನದಲ್ಲೇ ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ, ಉಳಿದವರಿಗೆ ಸುಮಾರು 59ಕ್ಕೆ ಅಂತ ಕಂಡದ್ದು. ನಮ್ಮ ವಂಶವಾಹಿಯೇ ಹಾಗೆ ಅಂತ ಕೈ ಚೆಲ್ಲುವವರು ಇದನ್ನೂ ಓದಬೇಕು: ಆ ಅಂತರದ ಬಹುಪಾಲಿಗೆ ಕಾರಣ ಸಕ್ಕರೆ ಕಾಯಿಲೆ, ಕೊಬ್ಬಿನಂಥ ಗೊತ್ತಿರುವ ಅಪಾಯಗಳೇ ನಮ್ಮಲ್ಲಿ ಬೇಗ ಶುರುವಾಗೋದು.

ನನ್ನ ಡಿಎಂ ಥೀಸಿಸ್ ಕೇಳಬೇಡಿ. ಅರವತ್ತು ರೋಗಿಗಳು, ಏನೂ ಹೊರಡಲಿಲ್ಲ, ಬೀರುವಿನಲ್ಲಿದೆ. ಸಂಖ್ಯಾಶಾಸ್ತ್ರ ಬರುವವರ ಹತ್ತಿರ ಮೊದಲೇ ಹೋಗಿ ಕೂತಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ನೀವು ಈಗಲೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವಿದ್ಯಾರ್ಥಿಗಳಿಗೆ ಕೊಡುವ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳ ಕೆಲಸ. ಕಾಲೇಜಿನ ಹೆಸರಿಗಿಂತ ಗೈಡ್ ಯಾರು ಅಂತ ನೋಡಿ. ರೋಗಿಗಳಿಗೆ ನೀವೇ ಫೋನ್ ಮಾಡಿ. ಮೂರನೇ ವಾರಕ್ಕೆ ಬೇಸರ ಬಂದರೆ ಆಂಜಿಯೋಪ್ಲಾಸ್ಟಿ ಕಲಿತು ಪ್ರಾಕ್ಟೀಸಿಗೆ ಹೋಗಿ, ಅದೂ ಜೀವ ಉಳಿಸುವ ಕೆಲಸವೇ.