ಮೊದಲು ಆ ವಿಡಿಯೋ ಅಳಿಸಿ

ನಿಮ್ಮ ಕಾಗದ ಓದಿ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಐದು ವರ್ಷದ ಮಗಳು. ಏಪ್ರಿಲ್ ಮಳೆ ಶುರುವಾದಾಗಿಂದ ಗುಡುಗಿಗೆ ಹೆದರಿ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಮೋಡ ಕವಿದರೆ ಸಾಕು, ಊಟ ಬಿಡುತ್ತಾಳೆ. ಅತ್ತೆ ಅವಳಿಂದ ‘ಅರ್ಜುನ ಫಲ್ಗುಣ ಪಾರ್ಥ ಕಿರೀಟಿ’ ಹೇಳಿಸುತ್ತಾರೆ. ಈ ಮೂಢನಂಬಿಕೆ ನಿಲ್ಲಿಸುವುದು ಹೇಗೆ ಅಂತ ಕೇಳಿದ್ದೀರಿ.

ನಿಲ್ಲಿಸಬೇಡಿ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವುದು ನಮ್ಮ ಅಜ್ಜಿಯರ ಕಾಲದ ಉಪಾಯ. ಸಿಡಿಲನ್ನು ಅದು ತಡೆಯುವುದಿಲ್ಲ, ನಿಜ. ಆದರೆ ಹೆದರಿದ ಮಗುವಿಗೆ ಏದುಸಿರು ಬರುತ್ತದೆ, ಎದೆ ಡವಡವ ಅನ್ನುತ್ತದೆ. ನಿಧಾನವಾಗಿ, ರಾಗವಾಗಿ ಹೆಸರು ಹೇಳುತ್ತಾ ಹೋದರೆ ಉಸಿರು ಹತೋಟಿಗೆ ಬರುತ್ತದೆ. ಜೊತೆಗೆ ಅಜ್ಜಿಯ ಮಡಿಲಿದೆ. ನಿಮ್ಮ ಮನೆಯಲ್ಲಿ ಅವಳ ಭಯಕ್ಕೆ ಬೆಲೆ ಕೊಟ್ಟವರು ಅವರೊಬ್ಬರೇ.

ನನ್ನನ್ನು ಚುಚ್ಚಿದ್ದು ಕಾಗದದ ಕೊನೆಯಲ್ಲಿ ಸುಮ್ನೆ ಬರೆದುಬಿಟ್ಟ ಸಾಲು: “ಇವರು ತಮಾಷೆಗೆ ಅವಳು ಅಳೋದನ್ನ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಆಮೇಲಿಂದ ಸ್ವಲ್ಪ ಜಾಸ್ತಿ ಆಗಿದೆ.”

ಸ್ವಲ್ಪ ಅನ್ನಬೇಡಿ ತಾಯಿ. ಮಂಚದ ಕೆಳಗಿಂದ ಅವಳಿಗೆ ಕಂಡಿದ್ದೇನು? ಕೈ ಚಾಚಬೇಕಿದ್ದ ಅಪ್ಪ ಫೋನ್ ಹಿಡಿದು ನಗುತ್ತಿದ್ದರು. ಈಗ ಗುಡುಗಿನ ಭಯದ ಜೊತೆ ನಗುವವರ ಭಯವೂ ಸೇರಿಕೊಂಡಿದೆ. ಮೊದಲೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಅಳುವ ಮಗುವಿನ ಮುಂದೆ ಫೋನ್ ಎತ್ತಬೇಡಿ.

“ಏನೂ ಆಗಲ್ಲ, ಸುಮ್ನಿರು” ಅಂತಲೂ ಗದರಬೇಡಿ. ಬಯಲಲ್ಲಿ, ಮರದಡಿ ಇರುವವರಿಗೆ ಸಿಡಿಲು ಅಪಾಯವೇ ಅಲ್ವಾ? “ನಾವು ಒಳಗಿದ್ದೀವಿ, ಬಾಗಿಲು ಹಾಕಿದ್ದೀವಿ” ಅನ್ನಿ. ಮಿಂಚಿದ ಕೂಡಲೇ ಇಬ್ಬರೂ ಬೆರಳು ಮಡಚುತ್ತಾ ಸೆಕೆಂಡಿಗೊಂದರಂತೆ ಎಣಿಸಿ. ಗುಡುಗಿನ ಸದ್ದು 1 ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಒಂಬತ್ತು ಎಣಿಸುವಾಗ ಗುಡುಗಿದರೆ ಮಿಂಚಿದ್ದು ಸುಮಾರು 3 ಕಿಲೋಮೀಟರ್ ಆಚೆ. ಆರು, ಒಂಬತ್ತು, ಹನ್ನೆರಡು ಅಂತ ಎಣಿಕೆ ಏರುತ್ತಾ ಹೋದರೆ “ಅಮ್ಮ, ಗುಡುಗು ದೂರ ಹೋಗ್ತಿದೆ” ಅಂತ ಒಂದು ದಿನ ಅವಳೇ ನಿಮಗೆ ಹೇಳುತ್ತಾಳೆ.

ಇದೆಲ್ಲ ಆಮೇಲೆ. ಇವತ್ತು ರಾತ್ರಿ ಒಂದೇ ಕೆಲಸ. ನಿಮ್ಮ ಯಜಮಾನರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನಾನು ನಕ್ಕಿದ್ದು ತಪ್ಪು ಪುಟ್ಟಿ” ಅಂತ ಹೇಳಬೇಕು. ಗ್ರೂಪಿನವರಿಗೂ ವಿಡಿಯೋ ತೆಗೆದುಹಾಕಲು ಹೇಳಬೇಕು. ತಮ್ಮ ಫೋನಿನಲ್ಲಿರುವುದನ್ನು ಅವಳ ಬೆರಳಿಂದಲೇ ಡಿಲೀಟ್ ಮಾಡಿಸಲಿ.